ಮೂಕಚಿತ್ರ, ಕುದುರೆ ಓಟ ಮತ್ತು ಬಾಜಿಯ ಹಾಸ್ಯ

ಕುದುರೆಗೂ ಚಲನಚಿತ್ರಕ್ಕೂ ಇರುವ ನಂಟು ಚಲನಚಿತ್ರ ಹುಟ್ಟುವುದಕ್ಕಿಂತ ಹಳೆಯದು. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಹೂಡಿದ ಕ್ಯಾಮೆರಾಗಳಿಂದ ಓಡುವ ಕುದುರೆಯ ಚಿತ್ರಗಳನ್ನು ತೆಗೆದು, ಓಟದ ಒಂದು ಗಳಿಗೆಯಲ್ಲಿ ಅದರ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. 1896ರ ಜೂನ್ ತಿಂಗಳಲ್ಲಿ ಆರ್. ಡಬ್ಲ್ಯು. ಪಾಲ್ ಎಂಬ ಇಂಗ್ಲಿಷ್ ಉಪಕರಣ ತಯಾರಕರು ಎಪ್ಸಮ್‌ನ ಡರ್ಬಿಯನ್ನು, ಎಂದರೆ ಮೂರು ವರ್ಷದ ಕುದುರೆಗಳ ವಾರ್ಷಿಕ ಓಟವನ್ನು, ಚಿತ್ರೀಕರಿಸಿ ಮರುದಿನವೇ ಲಂಡನ್ನಿನಲ್ಲಿ ಪ್ರದರ್ಶಿಸಿದರು. ಅಲ್ಲಿ ಗೆದ್ದದ್ದು ಯುವರಾಜನ ಕುದುರೆಯಾದ್ದರಿಂದ ಆ ಕಿರುಚಿತ್ರಕ್ಕೆ ದೊರೆತ ಸ್ವಾಗತ ಹೊಸ ಮಾಧ್ಯಮದ ಭವಿಷ್ಯವನ್ನೇ ಭದ್ರಪಡಿಸಿತೆನ್ನಬಹುದು.

ಆದರೆ ಓಟವನ್ನು ತೋರಿಸುವುದು ಬೇರೆ, ಬಾಜಿಯನ್ನು ತೋರಿಸುವುದು ಬೇರೆ. ಕುದುರೆಯ ಓಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದರ ಮೇಲೆ ಹಣ ಕಟ್ಟಿದವನ ಆಸೆ, ಅಂಜಿಕೆ, ಹೆಂಡತಿಯಿಂದ ಬಚ್ಚಿಟ್ಟ ಗುಟ್ಟು, ಸಾಲ ಕೊಟ್ಟವನನ್ನು ಕಂಡೊಡನೆ ಬೇರೆ ದಾರಿ ಹಿಡಿಯುವ ಚುರುಕು, ಇವೆಲ್ಲ ಓಟಕ್ಕೆ ಮೊದಲೂ ಅನಂತರವೂ ನಡೆಯುತ್ತವೆ, ಮತ್ತು ಇವನ್ನು ಹೇಳಲು ಮಾತಿಗಿಂತ ಮೈ ಹೆಚ್ಚು ಸಮರ್ಥವಾದ ಸಾಧನ. ಬಾಜಿಯ ಹಾಸ್ಯ ನಿಂತಿರುವುದು ಕುದುರೆಯ ಮೇಲಲ್ಲ, ಬಾಜಿ ಕಟ್ಟಿದವನ ಮೈಯ ಮೇಲೆ ಎಂಬ ಈ ಮಾತೇ ಕೆಮ್ಮಣ್ಣುಗುಂಡಿಯಲ್ಲಿ ಆರಂಭವಾಗುತ್ತಿರುವ ವಿಚಾರ ಸಂಕಿರಣದ ಆಶಯ.

ಬ್ರಿಟಿಷ್ ಮೂಕಚಿತ್ರಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ 1917ರ 'ಪಿಂಪಲ್ಸ್ ದಿ ವಿಪ್'. ಸಂಗೀತ-ವಿನೋದದ ರಂಗಮಂದಿರಗಳಿಂದ ಬಂದ ಫ್ರೆಡ್ ಇವಾನ್ಸ್ 'ಪಿಂಪಲ್' ಎಂಬ ಕೋಡಂಗಿ ಪಾತ್ರವನ್ನು ಕಟ್ಟಿ, ಹೆಸರಾಂತ ಗಂಭೀರ ಕೃತಿಗಳನ್ನು ಹಾಸ್ಯಕ್ಕೆ ತಿರುಗಿಸುವ ಅಣಕು ಚಿತ್ರಗಳನ್ನು ಸಾಲುಸಾಲಾಗಿ ತಯಾರಿಸಿದರು. ಈ ಚಿತ್ರ ಅಣಕಿಸಿದ್ದು 1909ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರವನ್ನು ಬೆರಗುಗೊಳಿಸಿದ 'ದಿ ವಿಪ್' ನಾಟಕವನ್ನು. ಅದರಲ್ಲಿ ರೈಲು ಅಪಘಾತವೂ, ಚಲಿಸುವ ಪಟ್ಟಿಯ ಮೇಲೆ ನಿಜವಾದ ಕುದುರೆಗಳ ಓಟವೂ ರಂಗದ ಮೇಲೆಯೇ ನಡೆಯುತ್ತಿದ್ದವು. ಅಂಥ ವೈಭವಕ್ಕೆ ಎದುರಾಗಿ ಇವಾನ್ಸ್ ಅವರ ಚಿತ್ರಗಳು ಅಗ್ಗದ ಸಾಮಗ್ರಿಯನ್ನೂ ಬೇಕೆಂದೇ ಬಯಲಾಗುವ ಕೃತಕತೆಯನ್ನೂ ಒಡ್ಡಿದವು. ಹಣವಿಲ್ಲದವನ ಕಲ್ಪನೆ ಹಣವಿದ್ದವನ ಆಡಂಬರವನ್ನು ಸೋಲಿಸಬಲ್ಲದು ಎಂಬುದಕ್ಕೆ ಅವು ಸಾಕ್ಷಿಯಾಗಿವೆ.

ಆ ನಗೆಯ ಹಿಂದೆ ಒಂದು ಕಾನೂನೂ ಇತ್ತು. ಬ್ರಿಟನ್ನಿನ 1906ರ ಬೀದಿ ಬಾಜಿ ಕಾಯ್ದೆ ಬೀದಿಯಲ್ಲಿ ಬಾಜಿ ಕಟ್ಟುವುದನ್ನು ಅಪರಾಧವೆಂದು ಸಾರಿತು, ಆದರೆ ರೇಸ್ ಮೈದಾನದಲ್ಲಿ ಕಟ್ಟುವುದನ್ನೂ ಖಾತೆಯಿದ್ದವರು ಬುಕ್ಕಿಯೊಡನೆ, ಎಂದರೆ ಬಾಜಿ ಸ್ವೀಕರಿಸುವ ದಲ್ಲಾಳಿಯೊಡನೆ, ಸಾಲದ ಮೇಲೆ ನಡೆಸುವ ವ್ಯವಹಾರವನ್ನೂ ಹಾಗೆಯೇ ಬಿಟ್ಟಿತು. ಬೀದಿಯ ಮೂಲೆಯಲ್ಲಿ ಪೊಲೀಸನ ಕಣ್ಣು ತಪ್ಪಿಸಿ ಚಿಲ್ಲರೆ ಕಾಸು ಕೊಡುವ ಕೂಲಿಕಾರ ಅಪರಾಧಿಯಾದ, ಖಾತೆಯುಳ್ಳ ಶ್ರೀಮಂತ ಕ್ರೀಡಾಪ್ರೇಮಿಯಾದ.

ಕನ್ನಡ ನಾಡಿಗೆ ಬಂದರೆ ಈ ಕಥೆ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಮೈಸೂರು ರೇಸ್ ಕ್ಲಬ್ 1891ರಷ್ಟು ಹಳೆಯದು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ ನೆನಪನ್ನು ಹೊತ್ತಿದೆ. ಕೆಮ್ಮಣ್ಣುಗುಂಡಿ ಗಿರಿಧಾಮದ ಕೆಳಗಿನ ಅಜ್ಜಂಪುರದ ಸೀಮೆಯೂ ಅಮೃತಮಹಲ್ ಎತ್ತುಗಳಿಂದ ಹೆಸರಾಗಿದ್ದು, ಅವುಗಳ ವೇಗವನ್ನು ಒಂದು ಕಾಲಕ್ಕೆ ಸೈನ್ಯವೇ ನೆಚ್ಚಿಕೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ತಂಗಲು ಬರುತ್ತಿದ್ದ ಈ ಬೆಟ್ಟದಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿಯುತ್ತಿದ್ದ ಕಾಲದಲ್ಲಿಯೇ ಬೆಂಗಳೂರಿನಲ್ಲಿ ಮೂಕಚಿತ್ರಗಳ ತಯಾರಿಕೆ ನಡೆಯುತ್ತಿತ್ತು. ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲ್ಮ್ ಕಂಪನಿ ಇದ್ದದ್ದು ಅಲ್ಲಿಯೇ. ಗುಬ್ಬಿ ವೀರಣ್ಣನವರೂ ಬೆಲ್ಜಿಯಂನ ರಾಫೇಲ್ ಆಲ್ಗೂಟ್ ಅವರನ್ನು ನಿರ್ದೇಶಕರನ್ನಾಗಿ ಕರೆಸಿ 'ಹಿಸ್ ಲವ್ ಅಫೇರ್' ಎಂಬ ಚಿತ್ರ ತಯಾರಿಸಿದರು.

ಈ ಸಂಕಿರಣಕ್ಕೆ ಅತ್ಯಂತ ಮುಖ್ಯವಾದುದು ಮೋಹನ್ ಭವನಾನಿ ನಿರ್ದೇಶಿಸಿದ 'ವಸಂತಸೇನಾ'. ಟಿ. ಪಿ. ಕೈಲಾಸಂ, ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಮೊದಲಾದವರು ನಟಿಸಿದ ಈ ಚಿತ್ರ ಶೂದ್ರಕನ 'ಮೃಚ್ಛಕಟಿಕ' ನಾಟಕವನ್ನು ಆಧರಿಸಿತ್ತು. ಆ ನಾಟಕದ ಎರಡನೆಯ ಅಂಕವು ಬಾಜಿಯ ಹಾಸ್ಯದ ಮೂಲಪಾಠದಂತಿದೆ. ಹತ್ತು ಹೊನ್ನು ಸೋತ ಸಂವಾಹಕ, ಎಂದರೆ ಮೈಯೊತ್ತುವ ಕಸುಬಿನವನು, ಸಭಿಕನ (ಜೂಜುಕಟ್ಟೆಯ ಯಜಮಾನನ) ಕೈಗೆ ಸಿಗದಂತೆ ಓಡಿ, ಹೆಜ್ಜೆಗುರುತು ದಾರಿ ತಪ್ಪಿಸಲೆಂದು ಹಿಂದುಹಿಂದಾಗಿ ನಡೆದು ಪಾಳು ಗುಡಿಯೊಂದನ್ನು ಹೊಕ್ಕು, ಅಲ್ಲಿ ವಿಗ್ರಹದಂತೆ ನಿಂತುಬಿಡುತ್ತಾನೆ. ಬೆನ್ನಟ್ಟಿ ಬಂದವರು ಗುರುತಿಸಿಯೂ ಗುರುತಿಸದವರಂತೆ ಅವನೆದುರೇ ದಾಳ ಹಾಕಲು ಕೂರುತ್ತಾರೆ. ಕಲ್ಲಾಗಿ ನಿಂತವನೊಳಗಿನ ಜೂಜುಗಾರ ತಡೆಯಲಾರದೆ ತನ್ನ ಸರದಿಯೆಂದು ಮುಂದೆ ನುಗ್ಗಿ ಸಿಕ್ಕಿಬೀಳುತ್ತಾನೆ. ಬಾಯಿಂದ ಒಂದು ಮಾತೂ ಬೇಡದ ಈ ಪ್ರಸಂಗವನ್ನು ಮೂಕಚಿತ್ರಕ್ಕೆಂದೇ ಬರೆದಂತಿದೆ ಎಂದರೆ ಉತ್ಪ್ರೇಕ್ಷೆಯಾಗದು. ಶೂದ್ರಕನು ಅವನನ್ನು ಹೀಗಳೆಯುವುದಿಲ್ಲ. ಸಾಲ ತೀರಿಸಲು ನಾಯಕಿ ವಸಂತಸೇನೆಯ ಕಡಗವನ್ನು ಕೊಡಿಸಿ, ಅವನನ್ನು ಬೌದ್ಧ ಭಿಕ್ಷುವಾಗಿ ಮಾಡಿ, ಕೊನೆಗೆ ಅವಳ ಪ್ರಾಣವನ್ನೇ ಅವನಿಂದ ಉಳಿಸುತ್ತಾನೆ. ಬಾಜಿಗಾರನ ಬಗ್ಗೆ ನಗುತ್ತಲೇ ಅವನ ಮನುಷ್ಯತ್ವವನ್ನು ಕಾಯುವ ಈ ಔದಾರ್ಯ ನಂತರದ ಹಾಸ್ಯಚಿತ್ರಗಳಲ್ಲಿ ಅಪರೂಪ.

ಬ್ರಿಟನ್ನಿನ ಕಾನೂನಿನಲ್ಲಿದ್ದ ಇಬ್ಬಗೆ ಇಲ್ಲಿಯೂ ಇದೆ. ಮೈಸೂರು ಸಂಸ್ಥಾನ 1932ರಲ್ಲಿಯೇ ಬಾಜಿಯ ಮೇಲೆ ತೆರಿಗೆಯ ಕಾಯ್ದೆ ಮಾಡಿತು, 1952ರಲ್ಲಿ ರೇಸ್ ಮೈದಾನಗಳ ಪರವಾನಗಿಗೆ ಇನ್ನೊಂದು ಕಾಯ್ದೆ ಬಂತು, 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ಓಟವನ್ನು ಅದೃಷ್ಟದಾಟವಲ್ಲ, ಕೌಶಲದ ಆಟವೆಂದು ತೀರ್ಪಿತ್ತಿತು. ಅಂದರ್-ಬಾಹರ್, ಮಟ್ಕಾಗಳ ಮೇಲೆ ಮಾತ್ರ ಪೊಲೀಸರ ದಾಳಿ ಇಂದಿಗೂ ನಡೆಯುತ್ತದೆ. ಚಿತ್ರ ಇತಿಹಾಸಕಾರರು ಈ ಕಾನೂನುಗಳನ್ನು ಬದಿಗಿಟ್ಟರೆ ತೆರೆಯ ಮೇಲಿನ ಬಾಜಿಗಾರ ಏಕೆ ಅಂಜುತ್ತಾನೆ, ಪ್ರೇಕ್ಷಕ ಏಕೆ ನಗುತ್ತಾನೆ ಎಂಬುದು ಅರ್ಥವಾಗದು.

'ವಸಂತಸೇನಾ' ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. 1934ರಲ್ಲಿ 'ಸತಿ ಸುಲೋಚನಾ' ಮೂಲಕ ಕನ್ನಡ ಮಾತಿನ ಚಿತ್ರ ಬಂದ ಮೇಲೆ ಮೂಕಚಿತ್ರಗಳ ರೀಲುಗಳನ್ನು ಕಾಪಾಡುವ ಗರಜು ಯಾರಿಗೂ ಉಳಿಯಲಿಲ್ಲ. ಇದು ಕನ್ನಡ ಸಂಸ್ಕೃತಿಗಾದ ನಿಜವಾದ ನಷ್ಟ. ಆದ್ದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಹಳೆಯ ಮನೆಗಳಲ್ಲಿ ಟೆಂಟ್ ಸಿನಿಮಾದ ಕರಪತ್ರ, ರೇಸಿನ ಪುಸ್ತಕ, ಆ ಕಾಲದ ಪತ್ರಿಕೆಯ ತುಣುಕು, ಏನೇ ಉಳಿದಿದ್ದರೂ ಅದನ್ನು ರದ್ದಿಗೆ ಹಾಕದೆ ಸಂಶೋಧಕರ ಗಮನಕ್ಕೆ ತರಬೇಕೆಂದು ಈ ಸಂಕಿರಣ ಎಲ್ಲರಲ್ಲಿ ಕೇಳಿಕೊಳ್ಳುತ್ತದೆ.