ಕೋಳಿಯ ಹೊಟ್ಟೆಯ ಬೀಸುವ ಕಲ್ಲು

(ಕೃಷ್ಣರಾಜಪೇಟೆ ತಾಲ್ಲೂಕು ಗೋವಿಂದನಹಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮೂರಿನ ಪಂಚಲಿಂಗೇಶ್ವರ ದೇವಾಲಯದಲ್ಲಿ ಹೊಯ್ಸಳರ ಕಾಲದ ಕಲ್ಲುಕೆಲಸವನ್ನು ನೋಡಿ ಈಗಷ್ಟೇ ಬಂದೆ. ಆದರೆ ನಾನು ಹೇಳಬೇಕಾದುದು ಬಹಳ ಚಿಕ್ಕ ಕಲ್ಲಿನ ವಿಷಯ. ಅದು ನಿಮ್ಮ ಹಿತ್ತಲಿನ ಕೋಳಿಯ ಹೊಟ್ಟೆಯಲ್ಲಿದೆ. ಬೇಸಾಯಶಾಸ್ತ್ರದವನಿಗೆ ಕೋಳಿಯ ಗೊಡವೆ ಏಕೆಂದು ನೀವು ಕೇಳಬಹುದು. ಅದನ್ನು ಮುಂದೆ ಹೇಳುತ್ತೇನೆ.

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆಯುತ್ತದೆ. ಅಲ್ಲಿಂದ ಜೀರ್ಣರಸ ಸುರಿಯುವ ಮೊದಲ ಜಠರಕ್ಕೂ, ಅನಂತರ ದಪ್ಪ ಮಾಂಸಖಂಡದ ಎರಡನೆಯ ಜಠರಕ್ಕೂ ಇಳಿಯುತ್ತದೆ. ಇದೇ ಗಿಜರ್ಡ್. ಇದು ನಿಮಿಷಕ್ಕೆ 2–3 ಬಾರಿ ಹಿಂಡುವಾಗ, ಕೋಳಿ ಹೆಕ್ಕಿ ನುಂಗಿದ ಗರಸು ಬೀಸುವ ಕಲ್ಲಿನಂತೆ ಕಾಳನ್ನು ನುರಿಸುತ್ತದೆ. ಒಳಗೋಡೆ ಸವೆಯದಂತೆ ಗಟ್ಟಿಯಾದ ಹಳದಿ ಪೊರೆಯಿದೆ.

ತಾಯಂದಿರಿಗೆ ಇದು ಹೊಸದಲ್ಲ. ಸೀಳಿ, ಕಲ್ಲು ತೆಗೆದು, ಹಳದಿ ಪೊರೆ ಸುಲಿದು, ತೊಳೆದು ಸಾರಿಗೆ ಹಾಕುತ್ತೀರಿ. ಸದಾ ದುಡಿಯುವ ಮಾಂಸವಾದ್ದರಿಂದ ಬೇಯಲು ಹೆಚ್ಚು ಹೊತ್ತು ಬೇಕು.

ತೆಲುಗರು ಇದನ್ನು ಕಂದನಕಾಯ ಎನ್ನುತ್ತಾರೆ. ಪಾರಸಿಯಲ್ಲಿ ಸಂಗ್‌ದಾನ್, ಅಂದರೆ ಕಲ್ಲಿಡುವ ಪಾತ್ರೆ. ನಾವು ಹರೆಯದ ಹುಡುಗರನ್ನು ಕಂಡು ‘ಕಲ್ಲು ತಿಂದು ಕರಗಿಸೋ ವಯಸ್ಸು’ ಎನ್ನುತ್ತೇವೆ. ಕೋಳಿಯಾದರೋ ಕಲ್ಲನ್ನು ಕರಗಿಸಲು ತಿನ್ನುವುದಿಲ್ಲ, ಕಾಳನ್ನು ಅರೆಯಲು ತಿನ್ನುತ್ತದೆ. ಸುಣ್ಣಕಲ್ಲು ಹೊಟ್ಟೆಯಲ್ಲಿ ಕರಗಿ ಮೊಟ್ಟೆಯ ಚಿಪ್ಪಿಗೆ ಒದಗುತ್ತದೆ. ಅರೆಯಲು ಗಟ್ಟಿ ಕಲ್ಲೇ ಬೇಕು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರಿಗೆ ಭತ್ತದ ಸಸಿಮಡಿಗೆ ಹರಳು ರೂಪದ ಕೀಟನಾಶಕ ಹಾಕಲು ನಾನೇ ಹೇಳಿದೆ. ಪ್ರಮಾಣ ಹೇಳಿದೆ, ಕೈಗವಸು ಹಾಕಿಕೊಳ್ಳಲು ಹೇಳಿದೆ. ಕೋಳಿಯ ಮಾತು ಮರೆತೆ. ಬದುವಿನ ಮೇಲೆ ಚೆಲ್ಲಿದ ಹರಳನ್ನು ಕೋಳಿಗಳು ಗರಸೆಂದು ಹೆಕ್ಕಿದವು. ಸಂಜೆಯೊಳಗೆ 9 ಕೋಳಿಗಳು ಸತ್ತವು. ‘ಔಷಧಿ ಹುಳಕ್ಕೆ ಅಂದಿದ್ರಲ್ಲಾ ಸ್ವಾಮಿ?’ ಎಂದರು ಆ ಮನೆಯ ತಾಯಿ. ನನ್ನಲ್ಲಿ ಉತ್ತರವಿರಲಿಲ್ಲ.

ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಮನೆಯಲ್ಲಿ ಹಳೆಯದು ಉಳಿದಿದ್ದರೂ ಬಳಸಬೇಡಿ. ಭತ್ತ, ಕಬ್ಬಿಗೆ ಬಳಸುವ ಫಿಪ್ರೊನಿಲ್ ಕೂಡ ಕೋಳಿ ಜಾತಿಯ ಹಕ್ಕಿಗಳಿಗೆ ಕಡುವಿಷ.

ಆದ್ದರಿಂದ ಈ ಕ್ರಮಗಳನ್ನು ಪಾಲಿಸಿ:

1. ಕಬ್ಬಿನ ಸಾಲಿಗೆ ಹಾಕಿದ ಹರಳನ್ನು ಕೂಡಲೇ ಮಣ್ಣಿನಿಂದ ಮುಚ್ಚಿ. ಭತ್ತದಲ್ಲಿ ಬದುವಿನ ಮೇಲೆ ಬೀಳದಂತೆ ಎರಚಿ. ಚೆಲ್ಲಿದ್ದನ್ನು ಬಳಿದು ತೆಗೆಯಿರಿ.

2. ಆ ದಿನಗಳಲ್ಲಿ ಕೋಳಿ, ಬಾತುಗಳನ್ನು ಗದ್ದೆಯ ಕಡೆ ಬಿಡಬೇಡಿ. ಬೀಜೋಪಚಾರ ಮಾಡಿ ಉಳಿದ ಬೀಜವನ್ನು ಅವುಗಳಿಗೆ ಹಾಕಬೇಡಿ.

3. ಹಿತ್ತಲಿನಲ್ಲಿ ಬಿಳಿಜೋಳದ ಕಾಳಿನ ಗಾತ್ರದ, ತೊಳೆದ ಗಟ್ಟಿ ಗರಸನ್ನು ಸದಾ ಇಡಿ.

4. ಹೀಗೆ ಸತ್ತ ಕೋಳಿಯನ್ನು ಅಡಿಗೆಗೆ ಬಳಸಬೇಡಿ. ನೀರಿನ ಸೆಲೆಯಿಂದ ದೂರದಲ್ಲಿ ಆಳವಾಗಿ ಹೂಳಿ.

ಗರಸು ಯಾವುದು, ವಿಷದ ಹರಳು ಯಾವುದು ಎಂಬುದು ಕೋಳಿಗೆ ತಿಳಿಯದು. ತಿಳಿದ ನಾವು ಎಚ್ಚರವಹಿಸಬೇಕು.