ಯನಕಾದಲ್ಲಿ ಒಂದು ಹಗಲು



ಟೋಕಿಯೊ ಬಗ್ಗೆ ಮಾತಾಡುತ್ತೇನೆ ಎಂದಾಗ, ಬುಲೆಟ್ ರೈಲಿನ ಚಿತ್ರ ಏನಾದರೂ ಇದೆಯೇ ಅಂತ ಸಂಘದವರು ಕೇಳಿದರು. ಇಲ್ಲ. ನಿಪ್ಪೊರಿ ನಿಲ್ದಾಣದ ಪಶ್ಚಿಮ ಬಾಗಿಲಲ್ಲಿ ಇಳಿದು, ಸಂಜೆಯ ತನಕ ಕಾಲ್ನಡಿಗೆಯಲ್ಲೇ ಸುತ್ತಿ ಮುಗಿಸಬಹುದಾದ ಒಂದು ಹಳೇ ಪೇಟೆಯ ಬಗ್ಗೆ ಇವತ್ತಿನ ಮಾತು. ಹೆಸರು ಯನಕಾ. ಕೋಟಿಗೂ ಮೀರಿ ಜನರಿರುವ ಆ ಮಹಾನಗರದ ನಡುವೆ ಇಷ್ಟು ಸಾವಧಾನದ ಜಾಗ ಹೇಗೆ ಉಳಿಯಿತು ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ಅಲ್ಲಿಗೆ ಹೋದವರೆಲ್ಲ "ಎಷ್ಟು ಶಾಂತ" ಅಂದು ಬರುತ್ತಾರೆ, ಅದು ತಾನಾಗಿಯೇ ಹಾಗಿದೆ ಎಂಬಂತೆ. ನನಗೆ ಹಾಗೆ ಅನಿಸಲಿಲ್ಲ.

ನಿಲ್ದಾಣದಿಂದ ಮೆಟ್ಟಿಲು ಹತ್ತಿದರೆ ಎದುರಾಗುವುದೇ ಸ್ಮಶಾನ. ಮುಖ ಸಿಂಡರಿಸಬೇಡಿ. ಚೆರಿ ಮರಗಳ ಸಾಲಿನ ನಡುವೆ ಜನ ನಾಯಿ ಹಿಡಿದುಕೊಂಡು ವಾಕಿಂಗ್ ಬರುವ ಸ್ಮಶಾನ ಅದು. ಮೊದಲು ತೆನ್ನೊ-ಜಿ ದೇವಾಲಯದ ನೆಲವಾಗಿತ್ತು; 1874ರಲ್ಲಿ ಸಾರ್ವಜನಿಕ ಸ್ಮಶಾನವಾಯಿತು. ಕೊನೆಯ ಶೋಗುನ್ (ಸೇನಾ ಆಡಳಿತಗಾರ) ತೊಕುಗಾವಾ ಯೊಶಿನೊಬು ಅವರ ಸಮಾಧಿ ಇರುವುದು ಇಲ್ಲೇ. 1867ರಲ್ಲಿ ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದ ಈ ಮನುಷ್ಯ 1913ರ ತನಕ ಬದುಕಿದ್ದರು. ಅವರ ಹಿಂದಿನ ಶೋಗುನ್‌ಗಳಿಗೆ ಬೌದ್ಧ ಪದ್ಧತಿಯ ಭವ್ಯ ಸ್ಮಾರಕಗಳು. ಇವರಿಗೆ ಜಪಾನಿನದೇ ಆದ ಶಿಂತೊ ಧರ್ಮದ ರೀತಿಯ ಒಂದು ದುಂಡನೆಯ ದಿಬ್ಬ. ಒಂದು ಕಾಲಕ್ಕೆ ಇವರ ಚಾಕರಿಯಲ್ಲಿದ್ದ, ಮುಂದೆ ಜಪಾನಿನ ಬ್ಯಾಂಕು-ಕಾರ್ಖಾನೆಗಳಿಗೆ ಬುನಾದಿ ಹಾಕಿದ ಶಿಬುಸಾವಾ ಎಯಿಚಿ ಕೂಡ ಇದೇ ಸ್ಮಶಾನದಲ್ಲಿದ್ದಾರೆ. 2024ರಿಂದ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇರುವುದು ಅವರದೇ ಮುಖ. ಒಡೆಯ ದಿಬ್ಬದಡಿ, ಆಳು ಎಲ್ಲರ ಜೇಬಿನಲ್ಲಿ!

ಸ್ಮಶಾನದ ನಡುದಾರಿಯಲ್ಲಿ ಒಂದಷ್ಟು ಅಡಿಪಾಯದ ಕಲ್ಲುಗಳು ಮಾತ್ರ ಉಳಿದಿವೆ. ಅಲ್ಲಿ ಐದು ಅಂತಸ್ತಿನ ಮರದ ಪಗೋಡ ಇತ್ತು. ಕಾದಂಬರಿಕಾರ ಕೋಡ ರೊಹಾನ್ 1890ರ ದಶಕದ ಆರಂಭದಲ್ಲಿ ಬರೆದ 'ಐದಂತಸ್ತಿನ ಗೋಪುರ'ಕ್ಕೆ ಇದೇ ಮಾದರಿ. ಅದರ ನಾಯಕ ಒಬ್ಬ ಹಟಮಾರಿ ಬಡಗಿ. 1772ರಲ್ಲಿ ಒಮ್ಮೆ ಸುಟ್ಟು, 1791ರಲ್ಲಿ ಮತ್ತೆ ಎದ್ದ ಗೋಪುರ ಭೂಕಂಪಕ್ಕೆ ಬೀಳಲಿಲ್ಲ, ಯುದ್ಧದಲ್ಲಿ ಬೇಯಲಿಲ್ಲ. ಕೊನೆಗೆ 1957ರ ಜುಲೈನಲ್ಲಿ ಸಾಯಲು ನಿರ್ಧರಿಸಿದ ಒಂದು ಜೋಡಿ ಅದಕ್ಕೆ ಬೆಂಕಿಯಿಟ್ಟಿತು. ಶಾಂತ ಅನ್ನುವ ಮುಂಚೆ ಈ ಕಲ್ಲುಗಳ ಹತ್ತಿರ ಸ್ವಲ್ಪ ನಿಲ್ಲಬೇಕು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಯನಕಾ ಉಳಿದದ್ದರಲ್ಲಿ ಮೊದಲ ಪಾಲು ದೇವರುಗಳದ್ದು. 1657ರ ಮಹಾ ಬೆಂಕಿಯಲ್ಲಿ ಎದೊ (ಟೋಕಿಯೊದ ಹಳೇ ಹೆಸರು) ನಗರದ ಬಹುಭಾಗ ಸುಟ್ಟ ಮೇಲೆ ಅನೇಕ ದೇವಾಲಯಗಳನ್ನು ನಗರದ ಅಂಚಿನ ಈ ಗುಡ್ಡಕ್ಕೆ ಸಾಗಿಸಿದರು. ಈಗಲೂ ಸುಮಾರು 70 ದೇವಾಲಯಗಳಿವೆ. ಎಷ್ಟೋ ಮನೆಗಳು ನಿಂತಿರುವುದು ದೇವಾಲಯದಿಂದ ಬಾಡಿಗೆಗೆ ಪಡೆದ ನೆಲದ ಮೇಲೆ. ಅಂಥ ನೆಲ ದಲ್ಲಾಳಿಯ ಕೈಗೆ ಸುಲಭಕ್ಕೆ ಸಿಕ್ಕುವುದಿಲ್ಲ. ಎರಡನೆಯದು ಅದೃಷ್ಟ. 1923ರ ಭೂಕಂಪದ ಬೆಂಕಿ ಇಲ್ಲಿಯ ತನಕ ಬರಲಿಲ್ಲ ಎಂದರೂ ನಡೆದೀತು. 1945ರ ಬಾಂಬುಗಳು ಒಂದು ಭಾಗವನ್ನು ಸುಟ್ಟರೂ ಉಳಿದದ್ದು ಉಳಿಯಿತು.

ಮೂರನೆಯದು ಕಾನೂನು, ಅದೂ ಅಡ್ಡದಾರಿಯಿಂದ. ಜಪಾನಿನ 1950ರ ಕಟ್ಟಡ ಕಾಯ್ದೆಯ ಪ್ರಕಾರ ಮನೆ ಕಟ್ಟುವ ನಿವೇಶನದ ಮುಂದಿನ ರಸ್ತೆ 4 ಮೀಟರ್ ಅಗಲ ಇರಬೇಕು. ಅಷ್ಟಿಲ್ಲದ ಹಳೇ ಓಣಿಗಳಲ್ಲಿ ಮನೆ ಕೆಡವಿ ಕಟ್ಟುವವರು ರಸ್ತೆಯ ನಡುಗೆರೆಯಿಂದ 2 ಮೀಟರ್ ಹಿಂದೆ ಸರಿಯಬೇಕು. ಯನಕಾದ ಕೆಲವು ಓಣಿಗಳಲ್ಲಂತೂ ಎದುರುಬದುರು ಮನೆಯವರು ಉಪ್ಪಿನಕಾಯಿ ಬಟ್ಟಲನ್ನು ಕಿಟಕಿಯಿಂದಲೇ ದಾಟಿಸಬಹುದು. ಮೊದಲೇ ಅಂಗೈಯಗಲ ನಿವೇಶನ, ಅದರಲ್ಲೂ ಹಿಂದೆ ಸರಿದರೆ ಉಳಿಯುವುದೇನು? ಹಾಗಾಗಿ ಜನ ಹಳೇ ಮನೆಯನ್ನೇ ರಿಪೇರಿ ಮಾಡಿಕೊಂಡು ಇರುತ್ತಾರೆ. ನಾವು ಫೋಟೊ ತೆಗೆಯುವ ಚೆಂದದ ಓಣಿ ಅಗ್ನಿಶಾಮಕದವರ ಕಣ್ಣಿಗೆ ಲಾರಿ ನುಗ್ಗದ ಅಪಾಯದ ಜಾಗ. ಎರಡೂ ನಿಜ.

ಆದರೆ ಇಷ್ಟರಿಂದಲೇ ಪೇಟೆ ಉಳಿಯುವುದಿಲ್ಲ. 1984ರಲ್ಲಿ ಮೋರಿ ಮಯುಮಿ, ಓಗಿ ಹಿರೋಮಿ, ಯಮಸಾಕಿ ನೊರಿಕೊ ಎಂಬ ಮೂವರು ಮಹಿಳೆಯರು ಒಂದು ಪುಟ್ಟ ಪತ್ರಿಕೆ ಶುರುಮಾಡಿದರು. ಯನಕಾ ಮತ್ತು ನೆರೆಯ ನೆಜು, ಸೆಂದಗಿ ಪೇಟೆಗಳ ಹೆಸರುಗಳನ್ನು ಕೂಡಿಸಿ ಅದಕ್ಕೆ 'ಯನೆಸೆನ್' ಅಂತ ಹೆಸರು. ಮಕ್ಕಳನ್ನು ಸಾಕುತ್ತಲೇ ಮನೆಮನೆಗೆ ಹೋಗಿ ವೃದ್ಧರ ನೆನಪು, ಕುಶಲಕರ್ಮಿಗಳ ಕೆಲಸ, ಮುಚ್ಚಿದ ಅಂಗಡಿಗಳ ಚರಿತ್ರೆ ಬರೆದುಕೊಂಡರು. 2009ರಲ್ಲಿ ನಿಲ್ಲಿಸುವ ಹೊತ್ತಿಗೆ 94 ಸಂಚಿಕೆಗಳಾಗಿದ್ದವು. ಇವತ್ತು ಆ ಮೂರು ಪೇಟೆಗಳನ್ನು ಇಡೀ ಟೋಕಿಯೊ ಯನೆಸೆನ್ ಎಂದೇ ಕರೆಯುತ್ತದೆ. ಪ್ರವಾಸಿಗಳ ನೂಕುನುಗ್ಗಲಿಗೂ ಆ ಪತ್ರಿಕೆಯೇ ಒಂದು ಕಾರಣ ಎಂಬುದನ್ನು ಮುಚ್ಚಿಡಬೇಕಿಲ್ಲ.

ಅವರು ಬಿತ್ತಿದ ಕಾಳಜಿ ನಡೆದಾಡುವಾಗ ಕಣ್ಣಿಗೆ ಬೀಳುತ್ತದೆ. ಸುಮಾರು 200 ವರ್ಷ ನಡೆದ ಕಾಶಿವಾಯು ಎಂಬ ಸಾರ್ವಜನಿಕ ಸ್ನಾನಗೃಹ ಮುಚ್ಚಿದ ಮೇಲೆ 1993ರಲ್ಲಿ ಅದು ಸಮಕಾಲೀನ ಕಲೆಯ ಗ್ಯಾಲರಿಯಾಯಿತು. ಹೆಂಚಿನ ಮಾಡು, ಹೊಗೆಗೂಡು, ಬಾಗಿಲ ಬಳಿಯ ಚಪ್ಪಲಿ ಪೆಟ್ಟಿಗೆಗಳು ಹಾಗೇ ಇವೆ. ಅದರಿಂದ ಸ್ವಲ್ಪ ದೂರದಲ್ಲಿ 1916ರ ಮರದ ಮನೆಯೊಂದರಲ್ಲಿ ಕಯಾಬಾ ಕಾಫಿ. 1938ರಲ್ಲಿ ಶುರುವಾಗಿ 2006ರಲ್ಲಿ ಬಾಗಿಲು ಹಾಕಿದ ಈ ಕಾಫಿ ಅಂಗಡಿಯನ್ನು ಹಳೇ ಮನೆಗಳನ್ನು ಕಾಯುವ ಸ್ಥಳೀಯ ಸಂಸ್ಥೆಯವರು ಮತ್ತು ಗ್ಯಾಲರಿಯವರು ಸೇರಿ 2009ರಲ್ಲಿ ಮತ್ತೆ ತೆರೆದರು. ಅದರ ಮೊಟ್ಟೆ ಸ್ಯಾಂಡ್‌ವಿಚ್ಚಿಗೆ ಜನ ಸಾಲು ನಿಲ್ಲುತ್ತಾರೆ.

ಮಧ್ಯಾಹ್ನಕ್ಕೆ ಅಸಾಕುರಾ ಶಿಲ್ಪ ಮ್ಯೂಸಿಯಂ. ಒಂದೇ ಜಾಗ ನೋಡಲು ಸಮಯವಿದ್ದರೆ ನಾನು ಹೇಳುವುದು ಇದನ್ನೇ. ಶಿಲ್ಪಿ ಅಸಾಕುರಾ ಫುಮಿಯೊ (1883–1964) ತಾವೇ ವಿನ್ಯಾಸ ಮಾಡಿದ ಮನೆ ಇದು, 1935ರಲ್ಲಿ ಪೂರ್ಣವಾಯಿತು. ಶಿಲ್ಪಶಾಲೆ ಕಾಂಕ್ರೀಟಿನದು, ವಾಸದ ಮನೆ ಮರದ್ದು, ನಡುವೆ ಬಂಡೆಗಳನ್ನಿಟ್ಟ ನೀರಿನ ತೋಟ. ಮಹಡಿಯ ಮೇಲೂ ತೋಟವಿದೆ. ಶಿಷ್ಯರಿಗೆ ಅಲ್ಲಿ ತರಕಾರಿ ಬೆಳೆಯುವುದೂ ಪಾಠದ ಭಾಗವಾಗಿತ್ತು. 1910ರ 'ಸ್ಮಶಾನ ಕಾಯುವವ' ಎಂಬ ಶಿಲ್ಪಕ್ಕೆ ರೂಪದರ್ಶಿಯಾದವನು ಯನಕಾದ ಸ್ಮಶಾನದ ಕಾವಲುಗಾರ. ಮಹಾಪುರುಷರ ಕಂಚಿನ ಪ್ರತಿಮೆಗಳ ನಡುವೆ ನನಗೆ ಹತ್ತಿರವಾದದ್ದು ಈ ಸಾಮಾನ್ಯ ಮುದುಕನೇ. ಅಸಾಕುರಾರಿಗೆ ಬೆಕ್ಕುಗಳೆಂದರೆ ಪ್ರಾಣ. ಬೆಕ್ಕಿನ ಶಿಲ್ಪಗಳಿಗೇ ಒಂದು ಕೋಣೆಯಿದೆ.

ಸಂಜೆಯಾಗುತ್ತಲೇ ಎಲ್ಲರೂ ಯುಯಾಕೆ ದಂದನ್ ಎಂಬ ಮೆಟ್ಟಿಲುಗಳ ಕಡೆ ಹೊರಡುತ್ತಾರೆ. ಕೆಳಗೆ ಯನಕಾ ಗಿಂಜಾ ಎಂಬ ಅಂಗಡಿಬೀದಿ, ಇನ್ನೂರು ಮೀಟರಿಗೂ ಕಡಿಮೆ ಉದ್ದ. ಕರಿದ ಮಾಂಸದ ಕಟ್ಲೆಟ್ಟಿಗೆ ಹೆಸರುವಾಸಿ. ಶಾಕಾಹಾರಿಗಳಿಗೆ ಚೆಸ್ಟ್‌ನಟ್ ಇದೆ, ಸೆಂದಗಿ ಕಡೆ ನಡೆದರೆ 1875ರಿಂದ ಸೆಂಬೆ ಎಂಬ ಚೌಕಾಕಾರದ ಅಕ್ಕಿ ಬಿಸ್ಕತ್ತು ಸುಡುತ್ತಿರುವ ಅಂಗಡಿಯೂ ಇದೆ. ಬೀದಿಯ ಮಾಡುಗಳ ಮೇಲೆ ಮರದ ಬೆಕ್ಕುಗಳು ಕೂತಿವೆ. ಬೀದಿ ದಾಟಿದರೆ ಹಾವಿನಂತೆ ಸುತ್ತುವ ಹೆಬಿ-ಮಿಚಿ ಎಂಬ ಓಣಿ. ಮೇಲೆ ಮುಚ್ಚಿಹಾಕಿದ ಐಜೊಮೆ ಹೊಳೆಯ ಹಾದಿಯೇ ಅದು. ಇವತ್ತಿಗೂ ತೈತೊ ಮತ್ತು ಬುಂಕ್ಯೊ ವಾರ್ಡುಗಳ ಗಡಿ ಆ ಕಾಣದ ಹೊಳೆಯ ತಿರುವುಗಳಲ್ಲೇ ಸಾಗುತ್ತದೆ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಾದರೂ ಹೋಗಿಬರುವ ಮನಸ್ಸು ಮಾಡಿರುತ್ತೀರಿ. ಈಗೆಲ್ಲ ಮಕ್ಕಳು ಅಲ್ಲಿ ಕೆಲಸದಲ್ಲಿರುವ ಮನೆಗಳೂ ಕಡಿಮೆಯಿಲ್ಲ. ಸೋಮವಾರ, ಗುರುವಾರ ಬಿಟ್ಟು ಹೋಗಿ; ಆ ದಿನ ಮ್ಯೂಸಿಯಂ ಮುಚ್ಚಿರುತ್ತದೆ. ಓಣಿಗಳಲ್ಲಿ ದನಿ ತಗ್ಗಿಸಿ, ಯಾರದೋ ಮನೆ ಹೊಸ್ತಿಲ ಹೂಕುಂಡದ ಮುಂದೆ ಸೆಲ್ಫಿ ಬೇಡ. ಬೆಕ್ಕಿನ ಗೊಂಬೆಗಿಂತ ಮೊದಲು ಅಲ್ಲಿಯವರೇ ದಿನಾ ಕೊಳ್ಳುವ ಅಂಗಡಿಯಲ್ಲಿ ಏನಾದರೂ ಕೊಳ್ಳಿ, ಹಣ್ಣೋ ಚಹಾಪುಡಿಯೋ. ಊರವರ ಅಂಗಡಿಗಳು ಬಾಗಿಲು ಹಾಕಿಕೊಂಡರೆ ಗೊಂಬೆ ಅಂಗಡಿಗಳು ಮಾತ್ರ ಉಳಿಯುತ್ತವೆ, ಅದನ್ನು ನೋಡಲು ಅಷ್ಟು ದೂರ ಯಾರೂ ಹೋಗಬೇಕಾಗಿಲ್ಲ.