ಇಬ್ಬರಲ್ಲಿ ಹುಚ್ಚ ಯಾರು?



ಹಾಸ್ಯದ ಜೋಡಿ ಎಂದರೆ ಒಬ್ಬ ಜಾಣ, ಮತ್ತೊಬ್ಬ ದಡ್ಡ. ಇದು ಬಹಳ ಹಳೆಯ ಸೂತ್ರ. 1927ರಲ್ಲಿ ಜೋಡಿಯಾಗಿ ಹೆಸರು ಮಾಡತೊಡಗಿದ ಲಾರೆಲ್ ಮತ್ತು ಹಾರ್ಡಿಯರನ್ನು ನೆನೆಯಿರಿ. ದಪ್ಪಗಿನ ಹಾರ್ಡಿ ತಾನೇ ಜಾಣನೆಂದು ನಂಬಿದವನು. ತೆಳ್ಳಗಿನ ಲಾರೆಲ್ ತಲೆ ಕೆರೆದುಕೊಂಡು ನಿಲ್ಲುವವನು. ನಾವು ನಗುವುದು ದಡ್ಡನನ್ನು ಕಂಡು. ಆದರೆ ಆಟ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವವನೂ ಅವನೇ. ಇದು ಏಕೆ ಹೀಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಆರಿಸಿಕೊಂಡಿರುವುದು ಅಮೆರಿಕದ ಕಾರ್ಟೂನ್ ಲೋಕದ ಒಂದು ಬಿಳಿ ಇಲಿಯನ್ನು. ಅವನ ಹೆಸರು ಪಿಂಕಿ.

ನೋಡದವರಿಗಾಗಿ ಸ್ವಲ್ಪ ಪರಿಚಯ ಹೇಳುತ್ತೇನೆ. ಆಕ್ಮೆ ಲ್ಯಾಬ್ಸ್ ಎಂಬ ಕಲ್ಪಿತ ಪ್ರಯೋಗಾಲಯದ ಪಂಜರದಲ್ಲಿ ಎರಡು ಇಲಿಗಳು. ಒಂದು ಕುಳ್ಳಗೆ, ದೊಡ್ಡ ತಲೆಯ ಬ್ರೈನ್. ಹೆಸರಿಗೆ ತಕ್ಕಂತೆ ಮಿದುಳೇ ಮೈವೆತ್ತ ಜೀವಿ. ಇನ್ನೊಂದು ಉದ್ದಕ್ಕೆ, ಹಲ್ಲುಬ್ಬಾದ ಪಿಂಕಿ. ಇವತ್ತು ರಾತ್ರಿ ಏನು ಮಾಡೋಣ ಎಂದು ಪಿಂಕಿ ಕೇಳುತ್ತಾನೆ. ದಿನಾ ಮಾಡುವುದನ್ನೇ, ಜಗತ್ತನ್ನು ಗೆಲ್ಲುವ ಪ್ರಯತ್ನವನ್ನೇ, ಎಂದು ಬ್ರೈನ್ ಉತ್ತರಿಸುತ್ತಾನೆ. ಬೆಳಗಾಗುವಷ್ಟರಲ್ಲಿ ಯೋಜನೆ ಮಣ್ಣುಪಾಲು. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

1993ರಲ್ಲಿ 'ಅನಿಮೇನಿಯಾಕ್ಸ್' ಎಂಬ ಕಾರ್ಯಕ್ರಮದ ಒಂದು ಭಾಗವಾಗಿ ಈ ಜೋಡಿ ಕಾಣಿಸಿಕೊಂಡಿತು. ನಿರ್ಮಾಣದ ಹಿಂದೆ ವಾರ್ನರ್ ಬ್ರದರ್ಸ್ ಸಂಸ್ಥೆಯೂ ಸ್ಟೀವನ್ ಸ್ಪೀಲ್‌ಬರ್ಗ್ ಅವರೂ ಇದ್ದರು. ಜನ ಮೆಚ್ಚಿದ್ದರಿಂದ 1995ರಲ್ಲಿ ಇವರಿಗೇ ಪ್ರತ್ಯೇಕ ಧಾರಾವಾಹಿ ಆರಂಭವಾಗಿ 1998ರವರೆಗೆ ನಡೆಯಿತು. ಇವರನ್ನು ರೂಪಿಸಿದ ಟಾಮ್ ರೂಗರ್ ಅವರಿಗೆ ಮಾದರಿಯಾದವರು ಅದೇ ಸ್ಟುಡಿಯೋದ ಸಹೋದ್ಯೋಗಿಗಳಾದ ಎಡ್ಡಿ ಫಿಟ್ಜ್‌ಜೆರಾಲ್ಡ್ ಮತ್ತು ಟಾಮ್ ಮಿಂಟನ್. ಬ್ರೈನ್‌ಗೆ ಮಾರಿಸ್ ಲಮಾರ್ಶ್ ಕೊಟ್ಟದ್ದು ನಟ–ನಿರ್ದೇಶಕ ಆರ್ಸನ್ ವೆಲ್ಸ್‌ರನ್ನು ನೆನಪಿಸುವ ಗಂಭೀರ ಕಂಠ. ಪಿಂಕಿಗೆ ರಾಬ್ ಪಾಲ್ಸನ್ ಕೊಟ್ಟದ್ದು ಇಂಗ್ಲೆಂಡಿನ ಧಾಟಿಯ ಕೀರಲು ದನಿ.

ಕಥೆ ಕಟ್ಟುವವರಿಗೆ ಇಂಥ ದಡ್ಡ ಗೆಳೆಯ ಏಕೆ ಬೇಕು? ಮೊದಲನೆಯದಾಗಿ, ಅವನಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಜಾಣ ಬಿಡಿಸಿ ಹೇಳಬೇಕಾಗುತ್ತದೆ. ಆ ನೆಪದಲ್ಲಿ ನಮಗೂ ಕಥೆ ತಿಳಿಯುತ್ತದೆ. ಎರಡನೆಯದು, ಜಾಣನ ಜಂಬ ಉಬ್ಬುತ್ತಾ ಹೋದಾಗ ಅದಕ್ಕೆ ಸೂಜಿ ಚುಚ್ಚಲು ಒಬ್ಬರು ಬೇಕು. ನಾನು ಯೋಚಿಸುತ್ತಿರುವುದನ್ನೇ ನೀನೂ ಯೋಚಿಸುತ್ತಿದ್ದೀಯಾ ಎಂದು ಬ್ರೈನ್ ಗಂಭೀರವಾಗಿ ಕೇಳಿದರೆ, ಪಿಂಕಿ ತಲೆಬುಡವಿಲ್ಲದ ಉತ್ತರ ಕೊಡುತ್ತಾನೆ. ಮೂರನೆಯದು ಇವೆರಡಕ್ಕಿಂತ ಮುಖ್ಯ. ಪಿಂಕಿಯನ್ನು ಪಕ್ಕದಿಂದ ತೆಗೆದುಬಿಡಿ. ಉಳಿಯುವವನು ಜಗತ್ತನ್ನು ಆಳಲು ಹಪಹಪಿಸುವ ಒಬ್ಬ ಪುಟ್ಟ ಸರ್ವಾಧಿಕಾರಿ. ಪಿಂಕಿ ಅವನನ್ನು ಪ್ರೀತಿಸುವುದರಿಂದಲೇ ನಾವೂ ಅವನನ್ನು ಸಹಿಸಿಕೊಳ್ಳುತ್ತೇವೆ.

ಒಂದು ಕಂತಿನಲ್ಲಿ ಬ್ರೈನ್ ತನ್ನ ಸೋಲುಗಳಿಗೆಲ್ಲ ಪಿಂಕಿಯ ದಡ್ಡತನವೇ ಕಾರಣವೆಂದು ತೀರ್ಮಾನಿಸಿ, ಯಂತ್ರದ ಮೂಲಕ ಅವನನ್ನು ಬುದ್ಧಿವಂತನನ್ನಾಗಿ ಮಾಡುತ್ತಾನೆ. ಬುದ್ಧಿ ಬಂದ ಪಿಂಕಿ ಮಾಡುವ ಕೆಲಸವೇನು? ಬ್ರೈನ್‌ನ ಲೆಕ್ಕದಲ್ಲೇ ತಪ್ಪು ತೋರಿಸುತ್ತಾನೆ. ಜಾಣ ಕುಗ್ಗಿಹೋಗುತ್ತಾನೆ. ಗೆಳೆಯನ ದುಃಖ ನೋಡಲಾರದೆ ಪಿಂಕಿ ತಾನಾಗಿಯೇ ಮತ್ತೆ ದಡ್ಡನಾಗುತ್ತಾನೆ. ಸಿಕ್ಕಿದ ಬುದ್ಧಿಯನ್ನು ಒಬ್ಬರಿಗಾಗಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

1995ರ ಡಿಸೆಂಬರಿನಲ್ಲಿ ಪ್ರಸಾರವಾದ ಕ್ರಿಸ್‌ಮಸ್ ಸಂಚಿಕೆಯಲ್ಲಂತೂ ಈ ಮಾತು ಇನ್ನಷ್ಟು ಸ್ಪಷ್ಟ. ಗೊಂಬೆಗಳ ಮೂಲಕ ಜಗತ್ತಿನ ಜನರನ್ನೆಲ್ಲ ವಶಪಡಿಸಿಕೊಳ್ಳುವುದು ಬ್ರೈನ್‌ನ ಹಂಚಿಕೆ. ಪಿಂಕಿಗೋ, ಸಾಂಟಾಕ್ಲಾಸ್‌ಗೆ ಬರೆದ ಕಾಗದದ್ದೇ ಚಿಂತೆ. ಹಂಚಿಕೆ ಫಲಿಸಿ ಜಗತ್ತು ಕೈಗೆ ಬರುವ ಗಳಿಗೆಯಲ್ಲಿ ಬ್ರೈನ್ ಆ ಕಾಗದ ಬಿಚ್ಚಿ ಓದುತ್ತಾನೆ. ಪಿಂಕಿ ತನಗೆಂದು ಏನನ್ನೂ ಕೇಳಿಲ್ಲ. ಹಗಲಿರುಳು ದುಡಿದರೂ ಫಲ ಕಾಣದ ತನ್ನ ಗೆಳೆಯನಿಗೆ ಜಗತ್ತನ್ನು ಕೊಡು ಎಂದು ಬೇಡಿದ್ದಾನೆ. ಬ್ರೈನ್ ಅತ್ತುಬಿಡುತ್ತಾನೆ. ಜಗತ್ತಿಗೆ ಆಜ್ಞೆ ಮಾಡಬೇಕಾದವನು ಎಲ್ಲರೂ ಹಬ್ಬವನ್ನು ಸಂತೋಷದಿಂದ ಆಚರಿಸಿ ಎಂದು ಹೇಳಿ ಯಂತ್ರವನ್ನೇ ಒಡೆದುಹಾಕುತ್ತಾನೆ. ಈ ಸಂಚಿಕೆಗೆ 1996ರಲ್ಲಿ ಎಮ್ಮಿ ಪ್ರಶಸ್ತಿ ಬಂತು; ಪಿಂಕಿಯ ಕಂಠಕ್ಕಾಗಿ 1999ರಲ್ಲಿ ಪಾಲ್ಸನ್ ಅವರಿಗೂ ಎಮ್ಮಿ ದೊರೆಯಿತು.

ಆ ಕಂಠಕ್ಕೂ ಮುಂದೆ ಕಠಿಣ ಪರೀಕ್ಷೆ ಕಾದಿತ್ತು. 2016ರಲ್ಲಿ ಪಾಲ್ಸನ್ ಅವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ದನಿಯನ್ನೇ ನಂಬಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಚಿಕಿತ್ಸೆ ಪಡೆದು ಗುಣಮುಖರಾದ ಅವರು 2019ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. 2020ರಲ್ಲಿ 'ಅನಿಮೇನಿಯಾಕ್ಸ್' ಮರಳಿ ಬಂದಾಗ ಪಿಂಕಿ ಹಳೆಯ ದನಿಯಲ್ಲೇ ಮಾತಾಡಿದ.

ಧಾರಾವಾಹಿಯ ಶೀರ್ಷಿಕೆ ಗೀತೆ ಇಬ್ಬರಲ್ಲಿ ಒಬ್ಬ ಮೇಧಾವಿ, ಇನ್ನೊಬ್ಬ ಹುಚ್ಚ ಎನ್ನುತ್ತದೆ. ಯಾರು ಯಾವುದು ಎಂದು ಮಾತ್ರ ಹೇಳುವುದಿಲ್ಲ. ಪ್ರತಿ ರಾತ್ರಿ ಸೋತರೂ ಬೇಕಾದ್ದು ಜಗತ್ತೇ ಎನ್ನುವವನು ಮೇಧಾವಿಯೋ? ಇದ್ದ ಪಂಜರದಲ್ಲೇ ಸುಖವಾಗಿದ್ದು, ಪಕ್ಕದವನ ಬಯಕೆ ಈಡೇರಲಿ ಎನ್ನುವವನು ಹುಚ್ಚನೋ?

ನಮ್ಮ ಮನೆಗಳಲ್ಲಿ, ತರಗತಿಗಳಲ್ಲಿ ದಡ್ಡ ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಲೆಕ್ಕ ಬಾರದ ಮಗುವಿಗೆ ಆ ಹೆಸರು ಅಂಟಿಸಿದರೆ ಅದು ಬೇಗ ಬಿಡುವುದಿಲ್ಲ. ಅಂಥ ಮಗು ತನ್ನ ತಿಂಡಿಯನ್ನು ಹಂಚಿಕೊಂಡದ್ದಕ್ಕೆ, ಬಿದ್ದವನನ್ನು ಎಬ್ಬಿಸಿದ್ದಕ್ಕೆ ಯಾವ ಅಂಕಪಟ್ಟಿಯಲ್ಲೂ ಜಾಗವಿಲ್ಲ. ಮುಂದಿನ ಸಲ ಆ ಮಾತು ನಾಲಗೆಯ ತುದಿಗೆ ಬಂದಾಗ ಪಿಂಕಿ ಬರೆದ ಕಾಗದವನ್ನು ನೆನೆಯೋಣ.